ದೊಡ್ಡದಾಗದ ಲೇಬಲ್ಲು ಮತ್ತು ಟೈಪಿಂಗ್ ಅಕ್ಕೋರು

ನಮ್ಮ ಟೈಪಿಂಗ್ ಅಕ್ಕೋರ ಎಡಗೈಯ ಕಿರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಟೈಪ್‌ರೈಟರಿನ ಬಿಗಿ ಕೀಲಿಗಳನ್ನು ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಹೊರಗೆ ಬಾಗಿದ ಆ ಬೆರಳು, ಅವರು ಸುಮ್ಮನೆ ಕೂತಾಗಲೂ ಯಾವುದೋ ಅಕ್ಷರವನ್ನು ಹುಡುಕುತ್ತಿರುವಂತೆ ಕಾಣುತ್ತಿತ್ತು. ಅದರಿಂದಲೇ ನನ್ನ ಹಣೆಗೆ ಕುಟ್ಟಿ, “ವಾದಾ ಮಾಡಪಾ, ಬ್ಯಾಡ ಅನ್ನೂದಿಲ್ಲ. ಬಾಯಿ ನಡೀಲಿ, ಬಟ್ಟು ನಿಲ್ಲಬಾರ್ದು” ಎನ್ನುತ್ತಿದ್ದರು.

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಬಾಗಲಕೋಟೆಯ ಹಳೇ ಪೇಟೆಯ ಒಂದು ಮಾಳಿಗೆ ಕೋಣೆಯಲ್ಲಿ ಸಂಜೆ ಅವರ ಟೈಪಿಂಗ್ ಕ್ಲಾಸು. ಗೋಡೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ. ಕೇಳಿದರೆ ಮನೆಯ ಮಾಲಕ, “ನೀರಾಗ ಮುಳುಗೂ ಮನಿಗೆ ಸುಣ್ಣಾ ಯಾಕ್ರೀ ಅಕ್ಕೋರ?” ಎಂದು ನಗುತ್ತಿದ್ದ. “ಮುಳುಗೂತನಕಾ ನಾವು ಒಳಗ ಕುಂದ್ರವ್ರಲ್ಲೇನು?” ಎಂದು ಇವರು ಜಗಳಕ್ಕೆ ನಿಲ್ಲುತ್ತಿದ್ದರು. ಸೋಲುತ್ತಿದ್ದರು. ಮರುತಿಂಗಳು ಮತ್ತೆ ನಿಲ್ಲುತ್ತಿದ್ದರು.

ಕಲಿಯುವವರ ಕೈಗಳ ಮೇಲೆ ಅವರು ಹಳೆಯ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡೊಂದನ್ನು ಹೊದಿಸುತ್ತಿದ್ದರು, ಕೀಲಿ ಕಾಣಬಾರದೆಂದು. ನಾನಾಗ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಢಾಲು ಗೆದ್ದು ಸೊಕ್ಕಿದ್ದವನು. “ನೋಡಬಾರದು ಅಂದ್ರ ಕಣ್ಣು ಯಾಕ ಬೇಕ್ರಿ?” ಎಂದು ಕೇಳಿದೆ. “ಕಾಗದಾ ನೋಡಾಕ. ಕೀಲಿ ನಿನ್ನ ಏನೂ ಕೇಳೂದಿಲ್ಲ, ಅದರ ಮಾರಿ ಯಾಕ ನೋಡ್ತಿ?” ಅಂದರು.

ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಪ್ರಶ್ನೆ ಕೇಳುವ ಯಂತ್ರವೇ ಬಂತು.

ಹಗಲಿನಲ್ಲಿ ಅವರು ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಮಾರುವ ಒಂದು ಸಂಘದ ಕಚೇರಿಯಲ್ಲಿ ಟೈಪಿಸ್ಟು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತುಬಂದ ನಾನೂ ಅಲ್ಲೇ ಕೆಲಸಕ್ಕೆ ಸೇರಿದೆ. ದಾಸ್ತಾನಿನ ಲೆಕ್ಕ ನನಗೆ, ಪತ್ರಗಳು ಅಕ್ಕೋರಿಗೆ. ಕಾರ್ಯದರ್ಶಿಗಳು ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಚಪ್ಪಲಿ ಬಿಟ್ಟೇ ಒಳಗೆ ಬರಬೇಕೆಂದು ಬಾಗಿಲಿಗೆ ಬರೆಸಿದರು. ವೈರಸ್ಸು ಕಾಲಿನಿಂದ ಬರುವುದಿಲ್ಲ ಎಂದು ನಾನು ವಾದಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ದಿನ ಅವರು ಅಕ್ಕೋರಿಗೆ ಹೇಳಿದ್ದು: “ಯುಗಾದಿ ಮುಗದ ಮ್ಯಾಲೆ ಎಲ್ಲಾ ಪತ್ರಾ ಇದರಾಗ. ನಿಮಗ ಒಗ್ಗಲಿಲ್ಲಂದ್ರ ಬಂದ-ಹೋದ ಟಪಾಲು ಬರಿಯೂ ಆವಕ-ಜಾವಕದ ಟೇಬಲ್ಲಿಗೆ ಹೋಗ್ರಿ. ಖುರ್ಚಿಗೆ ಬ್ಯಾರೆ ಹುಡುಗೀನ ತರ್ತೇವಿ.”

ಅಕ್ಕೋರ ದೃಷ್ಟಿ ಕೆಟ್ಟಿತ್ತು. ಇದು ನನಗೊಬ್ಬನಿಗೇ ಗೊತ್ತಿತ್ತು. ಚಷ್ಮಾದ ನಂಬರು ಇನ್ನು ಏರಿಸಿ ಉಪಯೋಗವಿಲ್ಲ ಎಂದು ದವಾಖಾನೆಯಲ್ಲಿ ಹೇಳಿಯಾಗಿತ್ತು. ಕರಡು ಪತ್ರವನ್ನು ಮೂಗಿನ ಹತ್ತಿರ ಹಿಡಿದು ಓದಿ, ಆಮೇಲೆ ನೋಡದೆಯೇ ಟೈಪು ಮಾಡುತ್ತಿದ್ದರು. ಕಂಪ್ಯೂಟರಿನಲ್ಲೂ ಬರೆಯುವ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಿತ್ತು; ಅದು ಅವರಿಗೆ ಕಾಣುತ್ತಿತ್ತು. ತೊಡಕು ಇದ್ದದ್ದು ಪತ್ರ ಮುಗಿದ ಮೇಲೆ. ಪರದೆಯ ನಡುವೆ ಚಿಕ್ಕ ಚೌಕವೊಂದು ತೆರೆದುಕೊಂಡು, ಪತ್ರವನ್ನು ಉಳಿಸಿ ಇಡಬೇಕೋ ಅಳಿಸಿ ಬಿಡಬೇಕೋ ಎಂದು ಕೇಳುತ್ತಿತ್ತು. ಆ ಎರಡು ಆಯ್ಕೆಗಳ ಲೇಬಲ್ಲಿನ ಅಕ್ಷರ ಇರುವೆಯ ಸಾಲು. ಅದನ್ನು ಮಾತ್ರ ಏನು ಮಾಡಿದರೂ ದೊಡ್ಡದು ಮಾಡಲು ಬರುತ್ತಿರಲಿಲ್ಲ.

“ಕಾಗದಾ ಆದ್ರ ಮೂಗಿನ ಹಂತೇಕ ತರಬೌದು. ಈ ಡಬ್ಬೀನ ಹೆಂಗ ಎತ್ತಿ ಹಿಡೀಲೋ ತಮ್ಮಾ?”

“ಕಾರ್ಯದರ್ಶಿಗೆ ಹೇಳಿಬಿಡ್ರಿ, ಕಣ್ಣು ಕಾಣೂದಿಲ್ಲಂತ.”

“ಶ್ಯಾಣ್ಯಾ! ಟೈಪಿಸ್ಟಿನ ಕಣ್ಣ ಹೋದ್ವು ಅಂದ್ರ ಖುರ್ಚಿ ಉಳೀತೈತೇನು?”

ಯಂತ್ರ ಮಾರಿದ ಕಂಪನಿಯ ಇಂಜಿನಿಯರು ಹುಬ್ಬಳ್ಳಿಯಿಂದ ಬಂದಾಗ, ಅಕ್ಕೋರು ತಮ್ಮ ಕಣ್ಣಿನ ಸುದ್ದಿ ಎತ್ತದೆ ನೇರ ಕೇಳಿದರು: “ಬರಿಯೂ ಅಕ್ಷರಾ ದೊಡ್ಡದಾಗ್ತೈತಿ. ಕೇಳೂ ಅಕ್ಷರಾ ಯಾಕ ಆಗೂದಿಲ್ರಿ?”

ಆತ ದಕ್ಷಿಣದ ಕಡೆಯವನು. “ಅದು ಪ್ರೋಗ್ರಾಮಿನ ಒಳಗೇ ಇರುತ್ತೆ ಮೇಡಂ. ಅದನ್ನ ಬದಲಾಯಿಸೋಕೆ ಆಗಲ್ಲ.”

“ಆಗೂದಿಲ್ಲೋ, ಮಾಡೂದಿಲ್ಲೋ? ಎರಡೂ ಬ್ಯಾರೆ ಬ್ಯಾರೆ.”

ಆತ ನಕ್ಕ. “ಎಲ್ಲ ಊರಲ್ಲೂ ಇದನ್ನೇ ಓದ್ತಾರೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ.”

ಯಾರೂ ದೂರಿಲ್ಲ ಎಂಬುದು ತೊಂದರೆಯಿಲ್ಲ ಎಂಬುದಕ್ಕೆ ಸಾಕ್ಷಿಯೇ? ಚರ್ಚಾಸ್ಪರ್ಧೆಯಲ್ಲಿ ಇಂಥ ಮಾತಾಡಿದವನನ್ನು ನಾನು ಎರಡೇ ವಾಕ್ಯದಲ್ಲಿ ಮಲಗಿಸುತ್ತಿದ್ದೆ. ಇಲ್ಲಿ ಆತ ಚಹಾ ಕುಡಿದು ಬಸ್ಸು ಹತ್ತಿದ.

ಸಿಟ್ಟಿಗೆ ನಾನೇ ಕೂತೆ. ಗೆಳೆಯನೊಬ್ಬನಿಂದ ಫ್ಲಾಪಿ ತರಿಸಿ, ಪ್ರೋಗ್ರಾಮಿನ ಹೊಟ್ಟೆ ಬಗೆದು, ತಡಕಾಡಿ ತಡಕಾಡಿ ಕಡೆಗೂ ಆ ಲೇಬಲ್ಲುಗಳ ಫಾಂಟು ಬದಲಿಸಿದೆ. ಅಕ್ಷರವೇನೋ ದೊಡ್ಡದಾಯಿತು, ಚೌಕ ಆಗಲಿಲ್ಲ! ಮಾತಿನ ಬಾಲ ಬಲಗಡೆ ಕತ್ತರಿಸಿಹೋಯಿತು, ಕೆಳಗಿನ ಸಾಲು ಮೇಲಿನದರ ಮೇಲೆ ಹತ್ತಿ ಕೂತಿತು. ಅಕ್ಕೋರು ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೊದಲ ನನಗೊಬ್ಬಾಕಿಗೇ ಕಾಣ್ತಿದ್ದಿಲ್ಲ. ಈಗ ಯಾರಿಗೂ ತಿಳೀದಂಗ ಮಾಡಿದೆಲ್ಲೋ!” ಆಗ ಮಾತ್ರ ನನಗೆ ನಗು ಬರಲಿಲ್ಲ. ಎಲ್ಲವನ್ನೂ ಮೊದಲಿನಂತೆ ಮಾಡಬೇಕಾಯಿತು.

ಅವರು ಬೇರೆ ದಾರಿ ಹಿಡಿದರು. ಇಡುವುದು ಎಡಕ್ಕೆ, ಬಿಡುವುದು ಬಲಕ್ಕೆ. ಅದನ್ನು ಕೀಲಿಗಳ ಹಾಗೆ ಬೆರಳಿಗೆ ಕಲಿಸಿಬಿಟ್ಟರು. ಚೌಕ ತೆರೆದೊಡನೆ ಎಡಬಾಣದ ಕೀಲಿ, ಎಂಟರ್. ಎಷ್ಟು ಸರಾಗವೆಂದರೆ ಕಾರ್ಯದರ್ಶಿಗಳು, “ಅಕ್ಕೋರು ಹುಡುಗೂರ್ನ ಹಿಂದ ಹಾಕ್ಯಾರ” ಎಂದು ಸಿಬ್ಬಂದಿಯ ಮುಂದೆ ಹೊಗಳಿದರು. ಯುಗಾದಿಯವರೆಗೆ ಹೀಗೇ ನಡೆದಿದ್ದರೆ ಖುರ್ಚಿ ಉಳಿಯುತ್ತಿತ್ತು.

ಹಬ್ಬಕ್ಕೆ ಮೊದಲು ಆ ಇಂಜಿನಿಯರು ಸುಧಾರಿಸಿದ ಪ್ರೋಗ್ರಾಮು ಹೊತ್ತು ತಂದ. ಏನೇನು ಸುಧಾರಿಸಿದೆ ಎಂದು ಉದ್ದಕ್ಕೆ ಹೇಳಿದ. ಆ ಎರಡು ಲೇಬಲ್ಲುಗಳು ಜಾಗ ಅದಲುಬದಲಾದದ್ದನ್ನು ಹೇಳಲಿಲ್ಲ. ಅದು ಅವನಿಗೆ ಹೇಳುವಂಥ ಸಂಗತಿ ಅನಿಸಿರಲಿಲ್ಲ. ಮಧ್ಯಾಹ್ನ ಕಾರ್ಯದರ್ಶಿ ಮತ್ತು ನಿರ್ದೇಶಕರು ಬೆನ್ನ ಹಿಂದೆ ನಿಂತು ನೋಡುತ್ತಿರುವಾಗ ಅಕ್ಕೋರು ಮುಂಬಯಿ ವ್ಯಾಪಾರಿಗೊಂದು ಉದ್ದನೆಯ ಪತ್ರ ಒಂದೂ ತಪ್ಪಿಲ್ಲದೆ ಹೊಡೆದು ಮುಗಿಸಿದರು. ಚೌಕ ತೆರೆಯಿತು. ಎಡಬಾಣ, ಎಂಟರ್.

ಪರದೆ ಖಾಲಿ.

“ಲೇಬಲ್ ಓದಬೇಕಿತ್ತು ಮೇಡಂ,” ಎಂದ ಇಂಜಿನಿಯರು. ದನಿಯಲ್ಲಿ ಕನಿಕರವಿತ್ತು, ಅದೇ ನನ್ನ ಮೈ ಉರಿಸಿದ್ದು.

ಅಕ್ಕೋರು ಖುರ್ಚಿ ತಿರುಗಿಸಿ ಎಲ್ಲರನ್ನೂ ನೋಡಿದರು. “ಓದಾಕ ಬರ್ತೈತ್ರಿ ನನಗ. ಕಾಣೂದಿಲ್ಲ.”

ಅಷ್ಟು ದಿನ ಮುಚ್ಚಿಟ್ಟ ಮಾತು. ನಾನು ಬಾಯಿ ಹಾಕಿದೆ, ಜಾಗ ಬದಲಾದದ್ದನ್ನು ತೋರಿಸಿದೆ, ತಪ್ಪು ಯಂತ್ರದ್ದೆಂದು ಸಾಧಿಸಿಯೂ ತೋರಿಸಿದೆ. ಕಾರ್ಯದರ್ಶಿಗಳು ಪೂರ್ತಿ ಕೇಳಿದರು. “ನೀ ಅನ್ನೂದು ಖರೆ ಐತೆಪಾ,” ಅಂದರು, “ಆದ್ರ ಅವರಿಗೆ ಕಾಣೂದಿಲ್ಲಲ್ಲ.” ನಾನು ವಾದ ಗೆದ್ದೆ, ಅವರ ಖುರ್ಚಿ ಹೋಯಿತು. ಆವಕ-ಜಾವಕದ ಟೇಬಲ್ಲಿಗೆ ಅಕ್ಕೋರು ಹೋಗಲಿಲ್ಲ. ಸಂಜೆಯ ಕ್ಲಾಸನ್ನು ಮುಂಜಾನೆಯಿಂದಲೇ ನಡೆಸತೊಡಗಿದರು.

ಮರುವರ್ಷ ಮತ್ತೊಂದು ಪ್ರೋಗ್ರಾಮು ಬಂತು. ಅದೇ ಇಂಜಿನಿಯರು, ಏನೋ ದೊಡ್ಡ ಉಡುಗೊರೆ ತಂದವನಂತೆ, “ಇದರಲ್ಲಿ ಲೇಬಲ್ಲಿನ ಫಾಂಟೂ ಬದಲಾಯಿಸಬಹುದು” ಎಂದ. ಅವನ ಎದುರಿಗೇ ದೊಡ್ಡದು ಮಾಡಿದೆ. ಚೌಕವೂ ಜೊತೆಗೆ ಹಿಗ್ಗಿತು. ಬಾಗಿಲಲ್ಲಿ ನಿಂತರೂ ಓದಬಹುದು. ಮರುದಿನ ಅಕ್ಕೋರ ಖುರ್ಚಿಗೆ ಬಂದಿದ್ದ ಹುಡುಗಿ, “ಇದೇನ್ರೀ ಸರ, ಒಂದನೇತ್ತಾ ಮಕ್ಕಳ ಪುಸ್ತಕದಂಗ!” ಎಂದು ನಕ್ಕು, ತಿರುಗಿ ಸಣ್ಣದು ಮಾಡಿಕೊಂಡಳು. ಅವಳಿಗೆ ಏನೆಂದು ವಾದ ಹೂಡಲಿ? ಅವಳ ಕಣ್ಣುಗಳು ನೆಟ್ಟಗಿದ್ದವು.

ಢಾಲುಗಳು ಮನೆಯ ಅಟ್ಟ ಸೇರಿವೆ. ಇಂದಿಗೂ ಯಾರಾದರೂ ಆಗುವುದಿಲ್ಲ ಎಂದರೆ ನಾನು ತಿರುಗಿ ಕೇಳುವ ಪ್ರಶ್ನೆ ಮಾತ್ರ ಅಕ್ಕೋರದು: “ಆಗೂದಿಲ್ಲೋ, ಮಾಡೂದಿಲ್ಲೋ?”

ಲೇಬಲ್ಲು ದೊಡ್ಡದಾದ ಆ ಸಂಜೆ ಮಾಳಿಗೆ ಹತ್ತಿ ಹೋಗಿ ಸುದ್ದಿ ಹೇಳಿದೆ. ಅವರು ಯಾರದೋ ಕೈಗಳ ಮೇಲೆ ಕೆಂಪು ಸೆರಗು ಸರಿಪಡಿಸುತ್ತಿದ್ದರು. ಕೈ ನಿಂತಿತು. ಸೊಟ್ಟ ಕಿರುಬೆರಳು ಬಟ್ಟೆಯ ಅಂಚಿನಲ್ಲೇ ಉಳಿಯಿತು.

“ಆಗತಿತ್ತು, ಹಂಗಾದ್ರ,” ಅಂದರು.