ಜ್ವರ ಬಿಟ್ಟ ಮೇಲಿನ ಓಟ

ಖುಷಿಯಲ್ಲಿ ಬರೆಯಲು ಕೂತರೆ ನನ್ನ ಅಕ್ಷರಗಳು ಸಾಲು ಬಿಟ್ಟು ಹಾರುತ್ತವೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಬರೆಯದೆ ಇರಲಾರೆ, ಎದೆ ತುಂಬಿ ಹೋಗಿದೆ. ಆದರೆ ಕಳೆದ ಚಳಿಗಾಲದ ಕತೆ ಹೇಳದಿದ್ದರೆ ಈ ಖುಷಿ ಯಾರಿಗೂ ತಿಳಿಯುವುದಿಲ್ಲ.

ನನ್ನ ಮಗಳ ಮನೆ ಇರುವುದು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಮೊಮ್ಮಗಳಿಗೆ ಹದಿನೈದು ವರ್ಷ. ಇಲ್ಲಿನ ಫೆರೈನ್, ಅಂದರೆ ಬಡಾವಣೆಯ ಆಟದ ಸಂಘದಲ್ಲಿ ಎಂಟುನೂರು ಮೀಟರ್ ಓಡುವವಳು. ಕಳೆದ ಬಾರಿ ನಾನು ಇಲ್ಲಿದ್ದಾಗಲೇ, ಅಕ್ಟೋಬರಿನಲ್ಲಿ ಅವಳಿಗೆ ಫ್ಲೂ ಬಂತು. ಮೈ ಸುಡುವ ಜ್ವರ, ಜೊತೆಗೆ ಕೆಮ್ಮು.

ಜ್ವರ ಬಿಟ್ಟಿತು. ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಜ್ವರ ಬಿಟ್ಟವರ ತಲೆಗೆ ನೀರು ಹಾಕಿದರೆ ಕಾಯಿಲೆ ಮುಗಿದ ಹಾಗೆ. ಅಲ್ಲಿಯವರೆಗೆ ಗಂಜಿ, ಆಮೇಲೆ ಎಲ್ಲರಂತೆ ಊಟ, ಎಲ್ಲರಂತೆ ಕೆಲಸ. ನಾನೇ ಬಿಸಿನೀರು ಹಾಕಿ ಮೀಯಿಸಿದೆ, ತಲೆ ಒರೆಸಿದೆ. ಹುಷಾರಾದಳು ಎಂದು ಮಗಳು ಕೋಚಿಗೆ ಮೆಸೇಜು ಹಾಕಿದಳು. ಕೆಮ್ಮು ಇನ್ನೂ ಇತ್ತು, ಮೆಟ್ಟಿಲು ಹತ್ತುವಾಗ ಹುಡುಗಿ ನಡುವೆ ನಿಲ್ಲುತ್ತಿದ್ದಳು. ತಲೆಗೆ ನೀರು ಬಿದ್ದಾಗಿದೆಯಲ್ಲ, ಇಷ್ಟು ಓದಿದ ಅಳಿಯನೂ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಮತ್ತೆ ಓಡಲು ಹೋದ ದಿನ ಮೈದಾನಕ್ಕೆ ನಾನೂ ಹೋಗಿದ್ದೆ. ಎರಡನೇ ಸುತ್ತಿಗೆ ಅವಳು ಬೇಲಿ ಹಿಡಿದು ನಿಂತಳು. ತುಟಿ ಬಿಳಿಚಿಕೊಂಡಿತ್ತು.

“ಎಂತ ಆಯ್ತು ಪುಟ್ಟಿ?”

“ಆಲೆಸ್ ಗೂಟ್, ಅಮ್ಮಮ್ಮ.”

ಎಲ್ಲ ಸರಿ ಇದೆ ಎನ್ನುವುದಕ್ಕೆ ಅವಳಾಡುವ ಜರ್ಮನ್ ಮಾತು ಅದು. ಎದೆ ಹಿಡಿದುಕೊಂಡೇ ಹೇಳಿದಳು. ಕೋಚ್ ಹೆಂಗಸು ಓಡಿ ಬಂದು ಅವಳನ್ನು ಕೂರಿಸಿ, ಮಗಳಿಗೆ ಫೋನು ಮಾಡಿದರು. ಡಾಕ್ಟರು ನೋಡಿ ಸರಿ ಎನ್ನುವವರೆಗೆ ಇವಳು ಮೈದಾನಕ್ಕೆ ಕಾಲಿಡಬಾರದು ಎಂದರು.

ಆಸ್ಪತ್ರೆಯಲ್ಲಿ ಎದೆಗೆಲ್ಲ ವಯರು ಅಂಟಿಸಿದರು, ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಡಾಕ್ಟರು ಹೇಳಿದ್ದನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು. ಆ ವೈರಸ್ಸಿನಿಂದ ಹೃದಯದ ಸ್ನಾಯು ಊದಿಕೊಂಡಿದೆ. ಶ್ವಾಸಕೋಶವೂ ಪೂರ್ತಿ ಸರಿಯಾಗಿಲ್ಲ. ಜ್ವರ ಹೋದರೂ ಒಳಗಿನದು ಹೋಗಿರುವುದಿಲ್ಲ. ಹೀಗಿರುವಾಗ ಓಡಿದರೆ ಬಡಿತ ತಪ್ಪಿ...

“ಕೊನೆಗೆ ಎಂತ ಹೇಳಿದ್ರು?”

“ಎಂತ ಇಲ್ಲಮ್ಮ.”

ಅವಳ ಮುಖ ನೋಡಿ ನಾನು ಮತ್ತೆ ಕೇಳಲಿಲ್ಲ.

ತಿಂಗಳುಗಟ್ಟಲೆ ಓಟವಿಲ್ಲ, ಸೈಕಲ್ ಇಲ್ಲ, ಭಾರ ಎತ್ತುವಂತಿಲ್ಲ. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ದೋಸೆ ಮಾಡಿ ಒಯ್ದರೆ ತಣ್ಣಗಾಗಿ ವಾಪಸು ಬರುತ್ತಿತ್ತು.

“ನಿಂಗೆ ಗೊತ್ತಾಗುದಿಲ್ಲ ಅಮ್ಮಮ್ಮ. ನೀನು ಬಸ್ಸಿಗೂ ಓಡಿದವಳಲ್ಲ” ಎಂದಳು ಒಮ್ಮೆ.

“ಓಡಿದ್ದೇನೆ ಮಾರಾಯ್ತಿ. ಬಸ್ಸೇ ನಿಲ್ಲಲಿಲ್ಲ.”

ನಗಲಿಲ್ಲ. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ನನ್ನ ವೀಸಾ ಮುಗಿಯಿತು. ಮಲಗಿದ ಮಗುವನ್ನು ಹಾಗೇ ಬಿಟ್ಟು ವಿಮಾನ ಹತ್ತಬೇಕಾಯಿತು. ಆ ಸಂಕಟ ಶತ್ರುವಿಗೂ ಬೇಡ. ಊರಿಗೆ ಬಂದ ಮೇಲೆ ವೀಡಿಯೊ ಕಾಲಿನಲ್ಲಿ ನಾನು ಅವಳ ಮುಖಕ್ಕಿಂತ ಹೆಚ್ಚಾಗಿ ಅವಳ ಉಸಿರನ್ನೇ ನೋಡುತ್ತಿದ್ದೆ. ಜನವರಿಯಲ್ಲಿ ಮತ್ತೆ ಪರೀಕ್ಷೆ ಆಯಿತು. ಇನ್ನೂ ವಾಸಿಯಾಗಿಲ್ಲ ಎಂದರು. ಅದಾಗಿ ಕೆಲವು ದಿನಕ್ಕೆ ಹುಡುಗಿ ಶಾಲೆಯಿಂದ ಬರುವಾಗ ಕದ್ದು ಓಡಿದ್ದಾಳೆ. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕೂತವಳು ಮಗಳಿಗೆ ಸಿಕ್ಕಳು. ಕೇಳಿದರೆ ಅದೇ ಮಾತು, ಆಲೆಸ್ ಗೂಟ್.

“ಅಮ್ಮ, ಇವಳು ಬಾಯಿ ಬಿಡುದೇ ಇಲ್ಲ. ಕಾಯಿಲೆಗಿಂತ ನಂಗೆ ಅದೇ ಹೆದರಿಕೆ” ಎಂದು ಮಗಳು ಫೋನಿನಲ್ಲಿ ಅತ್ತಳು. ನಾನು ಊಟ ಬಿಟ್ಟೆ. ದೇವರಿಗೆ ಕೈ ಮುಗಿದರೂ ಮನಸ್ಸು ನಿಲ್ಲುತ್ತಿರಲಿಲ್ಲ. ನೋವಾದರೂ ಹೇಳದ ಮಗುವನ್ನು ಎಷ್ಟು ದಿನ ಕಾಯುವುದು? ಡಾಕ್ಟರಿಗೂ ಅವಳೇ ಹೇಳಬೇಕಲ್ಲ. ಮಗು ಕೈತಪ್ಪಿ ಹೋಗುತ್ತಾಳೆ ಎಂದೇ ನನಗೆ ಅನಿಸಿಬಿಟ್ಟಿತ್ತು.

ಮೇ ತಿಂಗಳಲ್ಲಿ ನಾನು ಮತ್ತೆ ಇಲ್ಲಿಗೆ, ಮಗಳ ಮನೆಗೆ ಬಂದೆ. ಸ್ಕ್ಯಾನಿಂಗ್‌ನಲ್ಲಿ ಊತ ಪೂರ್ತಿ ಇಳಿದಿತ್ತು. ಮುಖಕ್ಕೆ ಮಾಸ್ಕ್, ಮೈಗೆ ವಯರು ಹಾಕಿ ನಿಂತಲ್ಲೇ ಸೈಕಲ್ ತುಳಿಸಿ ಹೃದಯ, ಉಸಿರು ಎರಡನ್ನೂ ನೋಡಿದ್ದರು. ಇನ್ನು ನಿಧಾನವಾಗಿ ಶುರು ಮಾಡಬಹುದು, ಸ್ವಲ್ಪ ನಡಿಗೆ, ಸ್ವಲ್ಪ ಓಟ, ಎದೆ ಬಡಿದರೆ ಆ ಕ್ಷಣ ನಿಲ್ಲಬೇಕು ಎಂದಿದ್ದರು. ನಿಲ್ಲುತ್ತಾಳಾ? ನನಗೆ ನಂಬಿಕೆ ಇರಲಿಲ್ಲ.

ನಿನ್ನೆ ಮೈದಾನಕ್ಕೆ ಹೋದೆವು. ನಾನು ಬೆಂಚಿನ ತುದಿಯಲ್ಲಿ ಕೂತೆ. ಅವಳು ನಡೆದಳು, ಮೆಲ್ಲಗೆ ಓಡಿದಳು, ಮತ್ತೆ ನಡೆದಳು. ಅವಳ ಜೊತೆಯ ಹುಡುಗಿಯರು ಪಕ್ಕದಲ್ಲೇ ಜುಮ್ಮೆಂದು ದಾಟಿ ಹೋದರು. ಈಗ ಇವಳೂ ಅವರ ಹಿಂದೆಯೇ ಓಡುತ್ತಾಳೆ ಎಂದುಕೊಂಡೆ. ಇಲ್ಲ. ತಾನೇ ಸೀದಾ ನಮ್ಮ ಕಡೆ ಬಂದಳು. ಕೋಚಿಗೆ ಕೈಯಲ್ಲೇ ಸಾಕು ಎಂದು ತೋರಿಸಿ ನನ್ನ ಪಕ್ಕ ಕೂತಳು.

“ಸುಸ್ತಾಯ್ತು ಅಮ್ಮಮ್ಮ. ಎದೆ ಸ್ವಲ್ಪ ಬಡಿತಾ ಉಂಟು. ಇವತ್ತಿಗೆ ಸಾಕು.”

ಸುಸ್ತಾಯ್ತು ಎಂದಳು! ಅವಳ ಬಾಯಿಂದಲೇ! ನಾನು ಅವಳನ್ನು ತಬ್ಬಿಕೊಂಡು ಗಳಗಳ ಅತ್ತುಬಿಟ್ಟೆ.

“ಅಯ್ಯೋ ಅಮ್ಮಮ್ಮ, ಎಲ್ಲರೂ ನೋಡ್ತಿದ್ದಾರೆ.”

“ನೋಡ್ಲಿ” ಎಂದೆ.