ಹೂಳೆತ್ತುವ ಮರ್ಜಿಯಾ

ಒಲೆ ಹೊತ್ತಿಸುವುದು. ಹಸು ಕರೆಯುವುದು. ಉಪ್ಪು, ಬೆಣ್ಣೆ ಹಾಕಿ ಚಹಾ ಕಡೆಯುವುದು. ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಿ ಒದ್ದೆ ಬಟ್ಟೆ ತೆಗೆಯುವುದು. ಬಾರ್ಲಿ ರೊಟ್ಟಿ ಬೇಯಿಸಿ ಗಂಡನಿಗೆ ಮುಚ್ಚಿಡುವುದು. ಆಮೇಲೆ, ಇನ್ನೂ ಕತ್ತಲಿರುವಾಗಲೇ, ಸಲಿಕೆ ಹೊತ್ತು ಕಾಲುವೆಯ ಬಾಯಿಗೆ ಹತ್ತುವುದು.

ತಡಮಾಡುವಂತಿಲ್ಲ. ರಾತ್ರಿಯ ಚಳಿಗೆ ಮೇಲಿನ ಹಿಮನದಿ ಬಿಗಿದಿರುತ್ತದೆ, ಹಳ್ಳದಲ್ಲಿ ಮೊಣಕಾಲುದ್ದ ನೀರು. ಬಿಸಿಲೇರಿದರೆ ಅದೇ ಹಳ್ಳ ಆಳುದ್ದ ಹರಿಯುತ್ತದೆ, ಬೂದಿ ಬಣ್ಣಕ್ಕೆ. ಹಿಮ ಬೆಟ್ಟವನ್ನು ಬೀಸಿದ ಕಲ್ಲಿನ ಹಿಟ್ಟು ಅದು. ಕಾಲುವೆಯ ಬಾಯಲ್ಲಿ ದಿನವೂ ಹೂಳಾಗಿ ಕೂರುತ್ತದೆ. ಮೊದಲು ಮನೆಗೊಬ್ಬರಂತೆ ಎತ್ತುತ್ತಿದ್ದೆವು. ಆರು ಬೇಸಿಗೆಗಳಿಂದ ಮರ್ಜಿಯಾ ಒಬ್ಬಳೇ. ಅದು ಊರು ಕೊಟ್ಟ ಶಿಕ್ಷೆ.

ಹದಿಮೂರು ವರ್ಷದ ಹಿಂದೆ ನಮ್ಮವರು ಹಿಮಕ್ಕೆ ಮದುವೆ ಮಾಡಿಸಿದ್ದರು. ಕಲ್ಲುಮಣ್ಣು ಬೆರೆತ ಕಪ್ಪು ಹಿಮ ಗಂಡು, ಬಿಳಿಯದು ಹೆಣ್ಣು. ಎರಡನ್ನೂ ಬುಟ್ಟಿಯಲ್ಲಿ ಹೊತ್ತು ನೆರಳಿನ ಕೊರಕಲಿನಲ್ಲಿ ಹೂತರೆ ಹೊಸ ಹಿಮನದಿ ಬೆಳೆಯುತ್ತದೆ. ದಾರಿಯಲ್ಲಿ ಮಾತು ಕೇಳಿಸಬಾರದು, ಬುಟ್ಟಿ ನೆಲ ಮುಟ್ಟಬಾರದು. ಕೆಳಗಿಟ್ಟವನ ಮನೆಗೆ ನೀರಿನ ಸರದಿಯೇ ಇಲ್ಲ.

ಹೊತ್ತವರು ಮರ್ಜಿಯಾಳ ಮನೆ ಮುಂದೆ ಹಾದಾಗ ಅವಳ ಅಂಬೆಗಾಲಿನ ಮಗಳು ಕುಲ್ಸೂಮ್ ಒಲೆಗೆ ಕೈ ಹಾಕಿದಳು. ತಾಯಿ ಚೀರಿದಳು. ಎಲ್ಲರಿಗೂ ಕೇಳಿಸಿತು. ಮರ್ಜಿಯಾಗೆ ಮಾತ್ರ ಗೊತ್ತಿದ್ದದ್ದು ಇನ್ನೊಂದು. ಆ ಸಂಜೆ ಬಿಸಿನೀರಲ್ಲಿ ಕಾಲು ತೊಳೆಸಿಕೊಳ್ಳುತ್ತಾ ಹೊತ್ತವರಲ್ಲೊಬ್ಬನಾದ ಗಂಡ ಮುಖ್ತಾರ್ ಹೇಳಿದ್ದ: "ಬಂಡೆ ಹತ್ರ ಸುಸ್ತಾಯ್ತು ಕಣೇ, ಬುಟ್ಟಿ ಒಂಚೂರು ಕೆಳಗಿಟ್ಟೆ. ಬಾಯಿ ಬಿಟ್ಟೀಯ!"

ಏಳು ವರ್ಷ ಕಾದರೂ ಹಿಮ ಬೆಳೆಯಲಿಲ್ಲ. ತಪ್ಪು ಚೀರಿದವಳ ಮೇಲೆ ಬಿತ್ತು. "ಹೂಳು ಅವಳೇ ಎತ್ತುತ್ತಾಳೆ ಬಿಡಿ," ಎಂದು ಒಪ್ಪಿಕೊಂಡವನು ಮುಖ್ತಾರನೇ.

ಈ ಬೇಸಿಗೆ ಅವಳ ಮಂಡಿ ಊದಿ ಕುಂಬಳಕಾಯಿಯಾಯಿತು. ಊರ ಹಿರಿಯಜ್ಜ, ಅಪೋ ಹೈದರ್, ಮನೆ ಬಾಗಿಲಿಗೇ ಬಂದ.

"ನಾಳೆಯಿಂದ ಕುಲ್ಸೂಮ್ ಬರಲಿ."

"ಮಗು ಅಪೋ, ಇನ್ನೂ ಹದಿನಾಲ್ಕು."

"ಅವಳಿಗೋಸ್ಕರ ತಾನೇ ನೀನು ಕೂಗಿದ್ದು? ಅವಳೇ ತೀರಿಸಲಿ."

ಒಳಗಿಂದ ಅತ್ತೆ ನಕ್ಕಳು. "ಗಂಟಲು ಅಮ್ಮಂದು, ಸೊಂಟ ಮಗಳದ್ದು!"

ಆತ ಹೋದ ಮೇಲೆ ಮರ್ಜಿಯಾ ಗಂಡನ ಎದುರು ನಿಂತಳು. "ಈಗಲಾದ್ರೂ ಹೇಳಿ."

"ಹೇಳಿ ನೀರು ಕಳ್ಕೊಳ್ಳೋದಾ? ಹೂಳೆತ್ತಿದ್ರೆ ಸಾಯ್ತಾಳಾ? ನೀನು ಸತ್ತೆಯಾ?" ಮುಖ್ತಾರ್ ಚಹಾದ ಬಟ್ಟಲು ಚಾಚಿದ. ಅವಳು ತುಂಬಿಸಿದಳು.

ಮಾರನೆಯ ದಿನ ಮಗಳು ಏಳುವ ಮೊದಲೇ ಕುಂಟುತ್ತಾ ಹತ್ತಿದಳು. ದಡದಲ್ಲಿ ಆರು ಬೇಸಿಗೆಯ ಹೂಳು ಗುಡ್ಡೆಯಾಗಿತ್ತು. ಅದನ್ನು ಸಲಿಕೆಯಿಂದ ಎಳೆದೆಳೆದು ಕಾಲುವೆಯ ಬಾಯಿಗೆ ತುಂಬತೊಡಗಿದಳು. ಬಿಸಿಲು ಹಿಮ ಮುಟ್ಟುವಷ್ಟರಲ್ಲಿ ಊರಿಗೆ ಹೋಗುವ ನೀರು ನಿಂತಿತು. ಇನ್ನು ಊರಿಗೆ ಊರೇ ಹತ್ತಿ ಬರುತ್ತದೆ, ಮುಖ್ತಾರನೂ ಬರುತ್ತಾನೆ. ಬುಟ್ಟಿ ಕೆಳಗಿಟ್ಟದ್ದನ್ನು ಅವನೆದುರೇ ಹೇಳಿದರೆ ಮನೆಯ ನೀರಿನ ಸರದಿ ಹೋಗುತ್ತದೆ; ಮೊದಲು ಒಣಗುವುದು ತನ್ನದೇ ಏಪ್ರಿಕಾಟ್ ಮರಗಳು, ತಾನು ಮಡಿಲ ಮಗುವಿನಂತೆ ಸಾಕಿದವು. ಕುಲ್ಸೂಮಳ ಬಟ್ಟಲೂ ಬರಿದಾಗುತ್ತದೆ.

ಹೇಳುವುದೆಂದು ತೀರ್ಮಾನಿಸಿ, ಮರ್ಜಿಯಾ ಕೆಸರಿನ ಮೇಲೆ ಕಾಲು ಚಾಚಿ ಕೂತಳು.