ಗಿರಣಿಯವನ ಕಿಮ್ಚಿ

ಬ್ಯಾಡಗಿಯಲ್ಲಿ ನನ್ನದೊಂದು ಖಾರದ ಗಿರಣಿಯಿದೆ. ಊರ ಹೆಂಗಸರು ಒಣಗಿಸಿ ತಂದ ಮೆಣಸಿನಕಾಯಿಯನ್ನು ಮೂವತ್ತು ವರ್ಷಗಳಿಂದ ಪುಡಿ ಮಾಡಿಕೊಡುತ್ತ ಬಂದಿದ್ದೇನೆ. ಆದರೆ ಆ ಪುಡಿ ಅವರ ಮನೆ ಸೇರಿದ ಮೇಲೆ ಏನಾಗುತ್ತದೆಂದು ನಾನು ಯೋಚಿಸಿದವನೇ ಅಲ್ಲ. ಚಹಾ ಕಾಸುವುದು ಬಿಟ್ಟರೆ ಅಡುಗೆಮನೆಯಲ್ಲಿ ನನಗೆ ಏನೂ ಬರುತ್ತಿರಲಿಲ್ಲ.

ಹೋದ ವರ್ಷ ರಾಣೆಬೆನ್ನೂರಿನಲ್ಲಿ ಒಂದು ಮದುವೆಗೆ ಹೋದಾಗ ಕಲ್ಯಾಣ ಮಂಟಪದ ಒದ್ದೆ ಮೆಟ್ಟಿಲ ಮೇಲೆ ನನ್ನ ಹೆಂಡತಿ ಜಾರಿಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮನೆಯಲ್ಲಿ ನಾವು ಮೂವರೇ: ನಾನು, ಅವಳು, ದಿನಾ ಬಸ್ಸಿನಲ್ಲಿ ಹಾವೇರಿಯ ಕಾಲೇಜಿಗೆ ಹೋಗಿಬರುವ ಮಗಳು. ರೊಟ್ಟಿ ಪಕ್ಕದ ಮನೆಯವರು ಬಡಿದು ಕೊಡುತ್ತಿದ್ದರು. ಅನ್ನ ಮಗಳು ಇಡುತ್ತಿದ್ದಳು. ಪಲ್ಯ, ಸಾರು ನನ್ನ ಪಾಲಿಗೆ ಬಂದವು. ನಾನು ಮಾಡಿದ ಮೊದಲ ಬದನೆಕಾಯಿ ಪಲ್ಯವನ್ನು ಹೆಂಡತಿ ಒಂದು ಮಾತೂ ಆಡದೆ ತಿಂದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮಗಳಿಗೆ ಕೊರಿಯಾದ ಧಾರಾವಾಹಿಗಳ ಹುಚ್ಚು. ಒಂದು ಸಂಜೆ ಮೊಬೈಲ್ ಹಿಡಿದು ನನ್ನ ಹತ್ತಿರ ಬಂದಳು.

"ಅಪ್ಪಾ, ನೀ ಅವ್ವನ ಅಡಗಿ ಮಾಡಾಕ ಹೋಗಬ್ಯಾಡ. ಅವ್ವನಂಗ ಆಗಂಗಿಲ್ಲ. ಕೊರಿಯಾದ್ದು ಮಾಡು. ಅದು ಹೆಂಗಿರಬೇಕಂತ ಈ ಮನ್ಯಾಗ ಯಾರಿಗೂ ಗೊತ್ತಿಲ್ಲ."

ಆ ಮಾತು ನನಗೆ ಧೈರ್ಯ ಕೊಟ್ಟಿತು.

ಮೊದಲು ಆಲೂಗಡ್ಡೆ. ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ಸೋಯಾ ಸಾಸ್, ಬೆಲ್ಲ, ಬೆಳ್ಳುಳ್ಳಿ ಹಾಕಿ ನೀರು ಇಂಗುವವರೆಗೆ ಬೇಯಿಸಬೇಕು. ಸೋಯಾ ಸಾಸಿನಲ್ಲೇ ಉಪ್ಪಿರುತ್ತದೆಂದು ತಿಳಿಯದೆ ಮೇಲೆ ಮತ್ತೊಂದು ಚಮಚ ಉಪ್ಪು ಹಾಕಿದ್ದೆ. ಮಗಳು ಒಂದು ತುತ್ತಿಗೆ ಒಂದು ತಂಬಿಗೆ ನೀರು ಕುಡಿದಳು. ಎರಡನೆಯ ಸಲ ಸರಿಯಾಯಿತು. ಕಂದು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುವ ಹೋಳುಗಳನ್ನು ನೋಡುತ್ತ, ಇದನ್ನು ನಾನೇ ಮಾಡಿದೆನೇ ಎಂದು ಬಾಣಲೆಯ ಮುಂದೆಯೇ ನಿಂತುಬಿಟ್ಟೆ.

ಆಮೇಲೆ ಖಾರ ಹಚ್ಚಿದ ಸೌತೆಕಾಯಿಯ ಸರದಿ. ಅದಕ್ಕೆ ಬೇಕಾದ ಖಾರದ ಪುಡಿಯ ವಿವರವನ್ನು ಮಗಳು ಓದಿ ಹೇಳಿದಳು: ಬೀಜ ತೆಗೆದದ್ದಿರಬೇಕು, ತರಿತರಿಯಾಗಿರಬೇಕು, ಬಣ್ಣ ಗಾಢ ಕೆಂಪು, ಖಾರ ಮಾತ್ರ ಕಡಿಮೆ.

"ಇಂಥಾದ್ದು ನಮ್ಮ ಕಡೆ ಎಲ್ಲಿ ಸಿಗತೈತಿ? ಆನ್‌ಲೈನ್‌ನ್ಯಾಗ ತರಸು" ಎಂದೆ.

ಮಗಳು ನನ್ನನ್ನೇ ದಿಟ್ಟಿಸಿದಳು. "ಅಪ್ಪಾ, ನೀ ಕುಂತಿರೋದು ಬ್ಯಾಡಗ್ಯಾಗ. ಗಿರಣಿ ಯಾರದು?"

ಮರುದಿನ ಗಿರಣಿಯಲ್ಲಿ ಕುಳಿತು ಡಬ್ಬಿ ಎಂಬ ತಳಿಯ, ಬಣ್ಣ ಹೆಚ್ಚು ಖಾರ ಕಡಿಮೆಯಿರುವ ಮೆಣಸಿನಕಾಯಿಗಳನ್ನು ಒಂದೊಂದಾಗಿ ಸೀಳಿ ಬೀಜ ಉದುರಿಸಿದೆ. ಯಂತ್ರಕ್ಕೆ ದೊಡ್ಡ ಕಣ್ಣಿನ ಜಾಳಿ ಹಾಕಿದೆ. ಎಂದಿನಂತೆ ನುಣ್ಣನೆಯ ಪುಡಿ ಬೀಳಲಿಲ್ಲ; ಚೂರುಚೂರಾಗಿ, ಹಗುರವಾಗಿ, ಬೆಳಕು ಆಚೆಯಿಂದ ಹಾಯುವಷ್ಟು ತೆಳ್ಳಗೆ ಬಿತ್ತು. ಬೊಗಸೆಯಲ್ಲಿ ಹಿಡಿದು ಮೂಸಿದೆ. ಸೀನು ಬರಲಿಲ್ಲ. ಒಣದ್ರಾಕ್ಷಿಯಂಥ ಸಿಹಿ ವಾಸನೆ. ಮೂವತ್ತು ವರ್ಷ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದ ಜಾಗದಲ್ಲಿ ಈ ವಾಸನೆ ಎಲ್ಲಿ ಅಡಗಿತ್ತು? ಖಾರ ಬೀಸಿಸಲು ಬಂದ ಅಜ್ಜಿಯೊಬ್ಬಳು ಇಣುಕಿ, "ಇದೇನ್ರೀ, ಅರ್ಧಾ ಬೀಸಿ ಬಿಟ್ಟೀರಿ?" ಎಂದಳು.

ಸೌತೆಕಾಯಿ ಗೆದ್ದ ಮೇಲೆ ಕಿಮ್ಚಿಗೆ, ಅಂದರೆ ಕೊರಿಯಾದವರ ಎಲೆಕೋಸಿನ ಉಪ್ಪಿನಕಾಯಿಗೆ, ಕೈಹಾಕಿದೆವು. ಅವರು ಬಳಸುವ ಉದ್ದನೆಯ ಎಲೆಕೋಸು ಹಾವೇರಿಯ ಸಂತೆಯಲ್ಲೂ ಸಿಗಲಿಲ್ಲ. ನಮ್ಮ ಗುಂಡನೆಯದನ್ನೇ ತಂದೆ. ಮೀನಿನ ರಸ ಹಾಕಬೇಕಂತೆ. ಅದು ನಮ್ಮ ಮನೆಯೊಳಗೆ ಬರುವಂತಿಲ್ಲ. ಅದರ ಬದಲು ಸೋಯಾ ಸಾಸ್ ಸಾಕೆಂದು ಮಗಳು ತೀರ್ಮಾನಿಸಿದಳು. ಎಲೆಗಳಿಗೆ ಉಪ್ಪು ಸವರಿ ಎರಡು ತಾಸು ಬಿಟ್ಟು, ತೊಳೆಯಲು ಎತ್ತಿಕೊಂಡೆ.

ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ಹಾಕಿದಳು.

"ಏನ್ರೀ, ತಡೀರಿ. ಇಲ್ಲಿ ತರ್ರಿ ನೋಡೂಣು."

ಒಂದು ಎಲೆಯನ್ನು ಎಡಗೈಯಲ್ಲಿ ಹಿಡಿದು ಮಡಚಿದಳು. ಲಟಕ್ಕೆಂದಿತು.

"ಇನ್ನಾ ಆಗಿಲ್ಲ. ಇದು ಬಾಗಬೇಕು, ಮುರೀಬಾರದು. ಇನ್ನೊಂದು ತಾಸು ಬಿಡ್ರಿ."

"ಮೊಬೈಲ್‌ನ್ಯಾಗ ಎರಡು ತಾಸು ಅಂದಾರ" ಎಂದೆ.

"ಅವರ ಕ್ಯಾಬೇಜ್ ಬ್ಯಾರೆ, ನಮ್ಮದು ಬ್ಯಾರೆ."

"ನೀ ಕಿಮ್ಚಿ ಕಣ್ಣಿಲೆ ಕಂಡಿಲ್ಲ. ಹೆಂಗ ಗೊತ್ತಾತು?"

"ಕೈಗೆ ತಿಳೀತೈತ್ರಿ" ಎಂದು ಎಲೆಯನ್ನು ಸ್ಟೀಲ್ ಬುಟ್ಟಿಗೆ ಹಾಕಿದಳು.

ಒಂದು ತಾಸಿನ ಮೇಲೆ ಎಲೆ ಬಟ್ಟೆಯಂತೆ ಬಾಗಿತು. ಖಾರ ಕಲೆಸುವ ಅಕ್ಕಿಹಿಟ್ಟಿನ ಗಂಜಿ ಎಷ್ಟು ಗಟ್ಟಿಯಿರಬೇಕು, ಎಷ್ಟು ಆರಬೇಕು, ಜಾಡಿಯಲ್ಲಿ ಎಷ್ಟು ಜಾಗ ಬಿಡಬೇಕು, ಎಲ್ಲವನ್ನೂ ಅವಳು ಕುರ್ಚಿಯಿಂದಲೇ ಹೇಳಿದಳು. ಮಗಳು ಮೊಬೈಲ್ ನೋಡಿ ನೋಡಿ, "ಹೌದಪ್ಪಾ, ಅವ್ವ ಹೇಳಿದ್ದ ಖರೇ" ಎನ್ನುತ್ತಿದ್ದಳು. ಸಮುದ್ರದಾಚೆ ಯಾರೋ ಅಜ್ಜಿಯರು ಕಂಡುಕೊಂಡದ್ದು ಇವಳ ಬೆರಳಿಗೆ ಹೇಗೆ ಬಂದು ಸೇರಿತು? ಇಪ್ಪತ್ತಾರು ವರ್ಷ ಇವಳು ಬಡಿಸಿದ್ದನ್ನು ಉಂಡೆದ್ದು ಹೋದವನಿಗೆ ಇದೊಂದು ವಿದ್ಯೆಯೆಂದು ಗೊತ್ತೇ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಜಾಡಿ ಬುಸ್ಸೆಂದಿತು. ಕೆಂಪು ರಸದಲ್ಲಿ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಮೇಲೇಳುತ್ತಿದ್ದವು.

"ಕೆಟ್ಟು ಹೋತು!" ಎಂದು ಕೂಗಿದೆ.

ಹೆಂಡತಿ ಬಂದು ಬಾಗಿ ಮೂಸಿದಳು. "ಕೆಟ್ಟಿಲ್ರಿ. ಹುಳಿ ಬಂದೈತಿ. ಇದರಾಗ ಜೀವ ಐತಿ."

ಇಬ್ಬರೂ ಜಾಡಿಯನ್ನೇ ನೋಡುತ್ತ ನಿಂತೆವು. ಒಲೆಯಿಲ್ಲ, ಬೆಂಕಿಯಿಲ್ಲ. ಆದರೂ ಒಳಗೆ ಏನೋ ತನ್ನ ಪಾಡಿಗೆ ಅಡುಗೆ ಮಾಡುತ್ತಿತ್ತು. ನಾನು ಗಿರಣಿ ತೆರೆಯುವ ಹೊತ್ತು ಮೀರಿದ್ದು ತಿಳಿಯಲೇ ಇಲ್ಲ.

ಎಡಗೈಯಲ್ಲಿ ಉಣ್ಣಲು ಅವಳು ಒಪ್ಪುತ್ತಿರಲಿಲ್ಲ. ದಿನಾ ಕಾಲೇಜಿಗೆ ಹೊರಡುವ ಮುಂಚೆ ಮಗಳೇ ತಿನ್ನಿಸುತ್ತಿದ್ದಳು. ಆ ದಿನ ಅವಳು ಬೇಗನೆ ಬಸ್ಸು ಹಿಡಿದು ಹೋಗಿದ್ದಳು. ರೊಟ್ಟಿ ಮುರಿದು, ಕಿಮ್ಚಿಯ ಒಂದೆಲೆ ಸುತ್ತಿ, ನಾನೇ ಹೆಂಡತಿಯ ಬಾಯಿಗಿಟ್ಟೆ. ಮದುವೆಯ ದಿನ ಬಿಟ್ಟರೆ ಹಾಗೆ ಮಾಡಿದ್ದು ಅದೇ ಮೊದಲು. ಇಬ್ಬರಿಗೂ ನಾಚಿಕೆಯಾಯಿತು. ಅವಳು ನಿಧಾನವಾಗಿ ಅಗಿದಳು.

"ಮೊದಲ ಹುಳಿ ಹತ್ತತೈತಿ" ಎಂದಳು. ತುತ್ತು ನುಂಗಿ ಮುಂದುವರಿಸಿದಳು: "ಬಾಯಿ ಉರಿಯಂಗಿಲ್ಲ. ಆದ್ರ ಮೆಣಸಿನಕಾಯಿ ರುಚಿ ಐತ್ರಿ. ಇಷ್ಟ ದಿನ ನಾವು ಖಾರಾ ಅಷ್ಟ ತಿಂದೀವಿ ನೋಡ್ರಿ."

ಅಗಡಿಯಿಂದ ನೋಡಲು ಬಂದ ಅವಳ ತಂಗಿಗೆ ಒಂದು ಡಬ್ಬಿ ಕಟ್ಟಿಕೊಟ್ಟೆವು. ಎರಡು ದಿನ ಬಿಟ್ಟು ಆಕೆಯ ಫೋನ್ ಬಂತು: "ಮಾಮಾ, ಅದು ಬುಸ್ ಅಂತ್ರೀ! ಹೆದರಿ ಹಿತ್ತಲಕ್ಕ ಚೆಲ್ಲಿದೆ." ಮತ್ತೊಂದು ಡಬ್ಬಿ ಕಳಿಸಿದೆ, ಹೆದರಬೇಡವೆಂದು ಹೇಳಿ.

ಆರು ವಾರಕ್ಕೆ ಹಾವೇರಿಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಕೈ ಸಣಕಲಾಗಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ದಿನಾ ಏನಾದರೂ ಮೆತ್ತನೆಯದನ್ನು ಹಿಚುಕಿ ರೂಢಿ ಮಾಡಿ ಎಂದು ಡಾಕ್ಟರು ಹೇಳಿ ಚೆಂಡೊಂದನ್ನು ಕೊಟ್ಟರು. ಅವಳಿಗೆ ಚೆಂಡು ಹಿಡಿಸಲಿಲ್ಲ. ಮುಂದಿನ ಭಾನುವಾರ ನಾನು ಎಲೆಕೋಸಿಗೆ ಮಸಾಲೆ ಕಲೆಸುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತಳು.

"ಸರೀರಿ ಅತ್ತಾಗ" ಎಂದು ಬಲಗೈಯನ್ನೇ ಬುಟ್ಟಿಗೆ ಇಳಿಸಿದಳು.

ಕೆಂಪು ಎಲೆಗಳ ನಡುವೆ ಬೆರಳುಗಳು ಮೊದಲು ಸುಮ್ಮನೆ ಬಿದ್ದಿದ್ದವು. ಆಮೇಲೆ ಕಿರುಬೆರಳು ಅಲುಗಿತು. ಅದರ ಹಿಂದೆ ಉಳಿದವು ಒಂದೊಂದಾಗಿ, ನೋವಿಗೆ ತಡೆತಡೆದು, ಒಂದು ಎಲೆಯ ಸುತ್ತ ಮುಚ್ಚಿಕೊಂಡವು. ಅವಳು ಹಲ್ಲು ಕಚ್ಚಿ ಹಿಂಡಿದಳು. ರಸ ಇಳಿಯಿತು. ನಾನು ಇನ್ನೊಂದು ಎಲೆಯನ್ನು ಅವಳ ಬೆರಳುಗಳತ್ತ ಸರಿಸಿದೆ.